ಪ್ಯಾಕಿಂಗ್ ವಿಡಿಯೊ ಇದ್ದರೂ ಕ್ಲೇಮ್ ಬಿದ್ದುಹೋಗುವುದೇಕೆ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಆನ್‌ಲೈನಿನಲ್ಲಿ ಮಾಲು ಮಾರುವ ಸಣ್ಣ ವ್ಯಾಪಾರಿಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತಕರಾರಿನ ಸುತ್ತ ಇವೆ. ಮಾಲು ಒಡೆದು ತಲುಪಿತು, ಬದಲಾಗಿ ವಾಪಸ್ ಬಂತು, ತೂಕ ಹೆಚ್ಚೆಂದು ಹಣ ಕಡಿದರು, ಕೈಯಲ್ಲಿ ವಿಡಿಯೊ ಇದ್ದರೂ ಪ್ರಯೋಜನವಾಗಲಿಲ್ಲ ಎಂಬ ದೂರುಗಳಿವು. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಪಿಂಗಾಣಿ ಕಪ್ಪು, ಹೂಜಿ ಮಾರುತ್ತೇವೆ. ಪ್ರತಿ ಪಾರ್ಸೆಲ್ಲಿನ ಪ್ಯಾಕಿಂಗನ್ನೂ ವಿಡಿಯೊ ಮಾಡಿಡುತ್ತೇವೆ. ಆದರೂ ಒಡೆದ ಮಾಲಿಗೆ ಕ್ಲೇಮ್ ಹಾಕಿದಾಗ ‘ಪ್ಯಾಕಿಂಗ್ ಸಾಲದು’ ಎಂದು ಕೊರಿಯರಿನವರು ತಳ್ಳಿಹಾಕುತ್ತಾರೆ. ವಿಡಿಯೊ ನೋಡಿಯೂ ಹೀಗೇಕೆ? — ಬೆಳಗಾವಿ

ವಿಡಿಯೊ ನೋಡಿಯೇ ಹಾಗೆ ಹೇಳಿರುತ್ತಾರೆ! ಒಳಗೆ ಇಡುವಾಗ ಮಾಲು ನೆಟ್ಟಗಿತ್ತು ಎಂದು ನಿಮ್ಮ ವಿಡಿಯೊ ತೋರಿಸುತ್ತದೆ. ಅದನ್ನು ಅವರು ಅಲ್ಲಗಳೆಯುವುದೇ ಇಲ್ಲ. ಅವರ ಕಣ್ಣಿರುವುದು ಎಷ್ಟು ಸುತ್ತು ಬಬಲ್ ರ‍್ಯಾಪ್ ಸುತ್ತಿದ್ದೀರಿ, ಕಪ್ಪಿಗೂ ಡಬ್ಬದ ಗೋಡೆಗೂ ನಡುವೆ ಎಷ್ಟು ಜಾಗ ಬಿಟ್ಟಿದ್ದೀರಿ, ರಟ್ಟು ಎಷ್ಟು ದಪ್ಪದ್ದು ಎಂಬುದರ ಮೇಲೆ. ಒಂದು ಸುತ್ತು ಬಬಲ್ ಶೀಟು ಸುತ್ತಿ, ಮೇಲೆರಡು ಹಾಳೆ ಹಳೇ ಪೇಪರು ತುರುಕಿದ್ದು ವಿಡಿಯೊದಲ್ಲಿ ನಿಚ್ಚಳವಾಗಿ ಕಂಡರೆ ನಿಮ್ಮ ಸಾಕ್ಷಿಯೇ ನಿಮಗೆ ತಿರುಗಿಬೀಳುತ್ತದೆ.

ಎರಡು ಬಗೆಯ ತಕರಾರುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ‘ಬೇರೆ ಮಾಲು ಬಂತು’, ‘ನಾಲ್ಕರಲ್ಲಿ ಮೂರೇ ಇತ್ತು’ ಎಂಬ ದೂರಿಗೆ ಪ್ಯಾಕಿಂಗ್ ವಿಡಿಯೊ ಒಂದೇ ಸಾಕಾಗಬಹುದು. ‘ಒಡೆದಿದೆ’ ಎಂಬ ದೂರಿಗೆ ಅದು ಅರ್ಧ ಸಾಕ್ಷಿ ಮಾತ್ರ. ದಾರಿಯಲ್ಲಿ ಬೀಳುವ ಸಾಮಾನ್ಯ ಪೆಟ್ಟನ್ನು ತಡೆಯುವಷ್ಟು ಗಟ್ಟಿಯಾಗಿ ಕಟ್ಟಿದ್ದಿರಿ ಎಂಬುದನ್ನೂ ತೋರಿಸಬೇಕು.

ಪಿಂಗಾಣಿಗೆ ಹೀಗೆ ಮಾಡಿ. ಕಪ್ಪಿನಲ್ಲಿ ಮೊದಲು ಮುರಿಯುವುದು ಹಿಡಿ. ಹಿಡಿಯ ಸಂದಿಯೊಳಗೆ ಕಾಗದದ ಉಂಡೆ ತೂರಿಸಿ, ಕಪ್ಪಿನ ಹೊಟ್ಟೆಗೂ ಕಾಗದ ತುಂಬಿ, ಆಮೇಲೆ ಎರಡು ಮೂರು ಸುತ್ತು ಬಬಲ್ ರ‍್ಯಾಪ್ ಸುತ್ತಿ. ಹೂಜಿಯ ಮುಚ್ಚಳವನ್ನು ಹೂಜಿಯ ಮೇಲೆಯೇ ಇಟ್ಟು ಸುತ್ತಬೇಡಿ, ಬೇರೆಯಾಗಿ ಸುತ್ತಿ. ಕಪ್ಪಿಗೆ ಕಪ್ಪು ತಾಗದಂತೆ ನಡುವೆ ರಟ್ಟಿನ ಅಡ್ಡಪಟ್ಟಿ ಇರಲಿ. ಆರೂ ಬದಿಯಲ್ಲಿ, ಅಂದರೆ ತಳ ಮತ್ತು ಮೇಲೂ ಸೇರಿ, ಮಾಲಿನಿಂದ ಡಬ್ಬದ ಗೋಡೆಗೆ 5 ಸೆಂಟಿಮೀಟರ್ ಮೆತ್ತೆ ಬೇಕು. ಹಳೇ ಪೇಪರಿನ ತೊಂದರೆ ಎಂದರೆ ಲಾರಿಯ ಕುಲುಕಾಟಕ್ಕೆ ಅದು ಕುಸಿಯುತ್ತದೆ. ಬೆಳಗಾವಿಯಲ್ಲಿ ತುಂಬಿದಾಗ ಬಿಗಿಯಾಗಿದ್ದ ಡಬ್ಬದಲ್ಲಿ ಬೆಂಗಳೂರು ಮುಟ್ಟುವಷ್ಟರಲ್ಲಿ ಖಾಲಿ ಜಾಗ ಹುಟ್ಟಿರುತ್ತದೆ. ಒಡೆಯುವ ಸಾಮಾನು ಎರಡು ಮೂರು ಕಿಲೋ ದಾಟಿದರೆ 3 ಪ್ಲೈ (ಮೂರು ಪದರದ ರಟ್ಟು) ಬಿಟ್ಟು 5 ಪ್ಲೈ ಡಬ್ಬ ಬಳಸಿ. ಟೇಪು 48 ಮಿಲಿಮೀಟರ್ ಅಗಲದ್ದಿರಲಿ. ನಡುವಿನ ಸೀಳಿಗೆ ಒಂದು, ಎರಡು ಅಂಚಿಗೆ ಒಂದೊಂದು ಪಟ್ಟಿಯನ್ನು ಮೇಲೂ ಕೆಳಗೂ ಹಾಕಿ. ಮಳೆಗಾಲದಲ್ಲಿ ಖಾಲಿ ಡಬ್ಬಗಳನ್ನು ನೆಲಕ್ಕಿಡಬೇಡಿ, ಹಲಗೆಯ ಮೇಲಿಡಿ. ತೇವ ಕುಡಿದ ರಟ್ಟು ನೋಡಲು ಸರಿಯಾಗಿಯೇ ಇರುತ್ತದೆ, ಮೇಲೆ ಭಾರ ಬಿದ್ದಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ.

ಹೀಗೆ ಕಟ್ಟಿದ ಒಂದು ಮಾದರಿ ಡಬ್ಬವನ್ನು ಬೀಳಿಸಿ ನೋಡಿ, ಅದನ್ನೂ ಚಿತ್ರೀಕರಿಸಿ. ಸಾಗಣೆ ಪ್ಯಾಕಿಂಗಿಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಇಸ್ಟಾ 1ಎ ಪರೀಕ್ಷೆಯಲ್ಲಿ ಸುಮಾರು ಒಂಬತ್ತೂವರೆ ಕಿಲೋಗಿಂತ ಕಡಿಮೆ ತೂಕದ ಡಬ್ಬವನ್ನು 76 ಸೆಂಟಿಮೀಟರ್ ಎತ್ತರದಿಂದ ಹತ್ತು ಸಲ ಬೀಳಿಸುತ್ತಾರೆ. ಒಂದು ಮೂಲೆಯ ಮೇಲೆ ಒಂದು ಸಲ, ಆ ಮೂಲೆಯಲ್ಲಿ ಕೂಡುವ ಮೂರು ಅಂಚುಗಳ ಮೇಲೆ ಒಂದೊಂದು ಸಲ, ಆಮೇಲೆ ಆರು ಮುಖಗಳ ಮೇಲೆ ಒಂದೊಂದು ಸಲ. ಅಡುಗೆಮನೆ ಕಟ್ಟೆಗಿಂತ ಸ್ವಲ್ಪ ತಗ್ಗಿನ ಎತ್ತರ ಅಷ್ಟೇ. ಗೋಡೆಗೆ ಅಳತೆ ಟೇಪು ಅಂಟಿಸಿ, ಎತ್ತರ ಕಾಣುವಂತೆ ಹತ್ತು ಸಲ ಬೀಳಿಸಿ, ಕ್ಯಾಮೆರಾ ನಿಲ್ಲಿಸದೆ ಡಬ್ಬ ತೆರೆದು ಕಪ್ಪು ತೋರಿಸಿ. ಮನೆಯಲ್ಲಿ ಮಾಡಿದ್ದು ಪ್ರಯೋಗಾಲಯದ ಪ್ರಮಾಣಪತ್ರವಾಗುವುದಿಲ್ಲ, ನಿಜ. ಆದರೂ ‘ಪ್ಯಾಕಿಂಗ್ ಸಾಲದು’ ಎಂಬ ಒಂದು ಸಾಲಿನ ತಿರಸ್ಕಾರಕ್ಕೆ ಎದುರಾಗಿ, ಇದೇ ಅಳತೆಯ ಡಬ್ಬ ಹತ್ತು ಪೆಟ್ಟು ತಿಂದು ಉಳಿದದ್ದನ್ನು ತೋರಿಸಿದರೆ ಅವರು ಕಾರಣ ಕೊಡಬೇಕಾಗುತ್ತದೆ. ಪ್ರತಿ ಪಾರ್ಸೆಲ್ಲಿಗೂ ಇದು ಬೇಡ. ಡಬ್ಬದ ಅಳತೆ ಅಥವಾ ಒಳಮೆತ್ತೆ ಬದಲಾದಾಗ ಮಾತ್ರ ಹೊಸದಾಗಿ ಮಾಡಿ.

ಇನ್ನೊಂದು ಕೊಂಡಿ ಗ್ರಾಹಕರ ಕೈಯಲ್ಲಿದೆ. ದೂರು ಬಂದ ಕೂಡಲೇ ‘ಡಬ್ಬ ಎಸೆಯಬೇಡಿ, ಆರೂ ಬದಿಯ ಫೋಟೊ ಲೇಬಲ್ ಸಮೇತ ಕಳಿಸಿ’ ಎಂದು ಕೇಳಿ. ಹೊರಡಬ್ಬದ ಮೂಲೆ ಜಜ್ಜಿದ್ದು, ಸೀಳಿದ್ದು ಕಂಡರೆ ಪೆಟ್ಟು ದಾರಿಯಲ್ಲಿ ಬಿದ್ದಿದೆ ಎನ್ನಲು ಅದು ಆಧಾರ. ಹೊರಡಬ್ಬ ಹೊಸದರಂತಿದ್ದು ಒಳಗಿನ ಕಪ್ಪು ಮಾತ್ರ ಚೂರಾಗಿದ್ದರೆ ಎಲ್ಲರ ಬೆರಳೂ ನಿಮ್ಮ ಮೆತ್ತೆಯತ್ತಲೇ ತಿರುಗುತ್ತದೆ.

ವಿಡಿಯೊದಲ್ಲಿ ಏನೇನು ಇರಲೇಬೇಕು? ಮೊಬೈಲ್ ಎಲ್ಲಿಡಬೇಕು? ನಮ್ಮ ವಿಡಿಯೊದಲ್ಲಿ ಎಡಬ್ಲ್ಯೂಬಿ ನಂಬರ್ (ಕೊರಿಯರಿನವರು ಪಾರ್ಸೆಲ್ಲಿಗೆ ಕೊಡುವ ಗುರುತಿನ ಸಂಖ್ಯೆ) ಓದಲು ಬರುವುದಿಲ್ಲ ಎಂದು ಎರಡು ಸಲ ತಿರಸ್ಕರಿಸಿದ್ದಾರೆ. — ದಾವಣಗೆರೆ

ನಂಬರ್ ಓದಲು ಬರದಿರುವುದಕ್ಕೆ ಕಾರಣ ಮೊಬೈಲಿನ ದೋಷವಲ್ಲ, ದೂರ. ಮೇಜಿನ ಮೇಲೆ ಮುಕ್ಕಾಲು ಮೀಟರ್ ಎತ್ತರದಲ್ಲಿ ಮೊಬೈಲನ್ನು ಕೆಳಮುಖವಾಗಿ ಕಟ್ಟಿದರೆ ಚೌಕಟ್ಟಿನಲ್ಲಿ ಸುಮಾರು 90 ಸೆಂಟಿಮೀಟರ್ ಅಗಲ ಕಾಣುತ್ತದೆ. 1080ಪಿ ವಿಡಿಯೊದ ಅಗಲ 1920 ಪಿಕ್ಸೆಲ್. ಅಂದರೆ ಒಂದು ಮಿಲಿಮೀಟರಿಗೆ ಎರಡೇ ಪಿಕ್ಸೆಲ್. ಲೇಬಲ್ಲಿನ 3 ಮಿಲಿಮೀಟರ್ ಎತ್ತರದ ಅಂಕಿಗೆ ಸಿಗುವುದು ಆರು ಪಿಕ್ಸೆಲ್, ಅಷ್ಟರಲ್ಲಿ 3, 8, 6 ಎಲ್ಲ ಒಂದೇ ತರ ಕಾಣುತ್ತವೆ. ಲೇಬಲನ್ನು ಕ್ಯಾಮೆರಾದಿಂದ ಒಂದು ಗೇಣು ದೂರಕ್ಕೆ ತಂದರೆ ಅದೇ ಅಂಕಿಗೆ ಮೂರು ಪಟ್ಟು ಪಿಕ್ಸೆಲ್ ಸಿಗುತ್ತದೆ. ಅಲ್ಲಿ ಮೂರು ಸೆಕೆಂಡು ಅಲ್ಲಾಡದೆ ಹಿಡಿಯಿರಿ, ತೆರೆಯಲ್ಲಿ ಅಂಕಿ ಚೂಪಾಗಿ ಕಂಡ ಮೇಲೆ ಕೆಳಗಿಳಿಸಿ. ಇದಕ್ಕಾಗಿ ಫೋಕಸ್ ಲಾಕ್ ಮಾಡಬೇಡಿ. ಮೇಜಿಗೆ ಲಾಕ್ ಆದ ಫೋಕಸ್ ಹತ್ತಿರ ತಂದ ಲೇಬಲನ್ನು ಮಸುಕಾಗಿಸುತ್ತದೆ.

ದೀಪ ನೆತ್ತಿಯ ಮೇಲಿದ್ದರೆ ಲೇಬಲ್ಲಿನ ಮೇಲೆ ಅಂಟಿಸಿದ ಪಾರದರ್ಶಕ ಟೇಪು ಹೊಳೆದು ನಂಬರನ್ನೇ ನುಂಗಿಬಿಡುತ್ತದೆ. ದೀಪವನ್ನು ಪಕ್ಕಕ್ಕೆ ಸರಿಸಿ, ಲೇಬಲನ್ನು ಸ್ವಲ್ಪ ಓರೆಯಾಗಿ ಹಿಡಿಯಿರಿ. ಬಾರ್‌ಕೋಡಿನ ಮೇಲೆ ಟೇಪು ಹಾಕದಿದ್ದರೆ ಇನ್ನೂ ಒಳ್ಳೆಯದು, ಸ್ಕ್ಯಾನರಿಗೂ ಸಲೀಸು. ಅಗ್ಗದ ಎಲ್‌ಇಡಿ ಬಲ್ಬಿನ ಕೆಳಗೆ ಚಿತ್ರದಲ್ಲಿ ಕಪ್ಪು ಪಟ್ಟೆಗಳು ಹರಿದಾಡುತ್ತಿದ್ದರೆ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಆಂಟಿ-ಫ್ಲಿಕರ್ 50 ಹರ್ಟ್ಸ್ ಆರಿಸಿ. ಪ್ರೊ ಮೋಡ್ ಇದ್ದರೆ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಡಿ. ರೆಕಾರ್ಡಿಂಗ್ ಶುರುಮಾಡುವ ಮೊದಲು ಏರೋಪ್ಲೇನ್ ಮೋಡ್ ಹಾಕಿ. ನಡುವೆ ಕರೆ ಬಂದು ರೆಕಾರ್ಡಿಂಗ್ ನಿಂತರೆ ಆ ವಿಡಿಯೊ ಎರಡು ತುಂಡಾಗುತ್ತದೆ, ತುಂಡಾದ ವಿಡಿಯೊಕ್ಕೆ ಬೆಲೆ ಇಲ್ಲ.

ಕ್ರಮ ಹೀಗಿರಲಿ. ಮೊದಲು ಲೇಬಲ್ ಮತ್ತು ಬಿಲ್ಲು. ಆಮೇಲೆ ಮಾಲಿನ ಎಲ್ಲ ಬದಿ, ಸೀರಿಯಲ್ ನಂಬರ್ ಇದ್ದರೆ ಅದು, ಓಡುವ ವಸ್ತುವಾದರೆ ಒಮ್ಮೆ ಓಡಿಸಿ ತೋರಿಸುವುದು. ಡಬ್ಬವನ್ನು ಕ್ಯಾಮೆರಾ ಕಡೆ ಬಗ್ಗಿಸಿ ಒಳಗೆ ಖಾಲಿ ಇರುವುದನ್ನು ತೋರಿಸಿ, ಇದನ್ನು ಮರೆಯುವವರೇ ಹೆಚ್ಚು. ಸುತ್ತುವುದು, ಇಡುವುದು, ಮೆತ್ತೆ ತುಂಬುವುದು, ಟೇಪು ಎಲ್ಲವೂ ಚೌಕಟ್ಟಿನೊಳಗೇ ನಡೆಯಲಿ. ‘ಒಂದು ನಿಮಿಷ ಟೇಪು ತರ್ತೀನಿ’ ಎಂದು ಡಬ್ಬ ಎತ್ತಿಕೊಂಡು ಹೋದರೆ ಅಲ್ಲಿಗೆ ಸಾಕ್ಷಿಯ ಎಳೆ ಕಡಿಯಿತು. ಮುಚ್ಚಿದ ಮೇಲೆ ಡಬ್ಬವನ್ನು ಅಲುಗಾಡಿಸಿ, ಒಳಗೆ ಸದ್ದಾಗದಿರುವುದು ವಿಡಿಯೊದಲ್ಲಿ ಕೇಳಲಿ. ಕೊನೆಗೆ ಲೇಬಲ್ ಅಂಟಿಸಿ, ತಕ್ಕಡಿಯ ಮೇಲಿಟ್ಟು ತೂಕ ತೋರಿಸಿ, ಆರೂ ಬದಿ ತಿರುಗಿಸಿ.

ವಿಡಿಯೊ ಮುಗಿದ ಗಳಿಗೆಯಿಂದ ಪಿಕಪ್ ಆಗುವವರೆಗಿನ ಹೊತ್ತು ಉಳಿಯುತ್ತದಲ್ಲ, ಎದುರಿನವರು ಅನುಮಾನ ತೂರಿಸುವುದು ಅಲ್ಲೇ. ಟೇಪಿನ ಅಂಚಿಗೂ ರಟ್ಟಿಗೂ ಸೇರಿಸಿ ದಪ್ಪ ಮಾರ್ಕರಿನಲ್ಲಿ ಅಡ್ಡಲಾಗಿ ಸಹಿ ಹಾಕಿ. ಟೇಪು ಬಿಚ್ಚಿ ಮತ್ತೆ ಅಂಟಿಸಿದರೆ ಗೆರೆ ಕೂಡುವುದಿಲ್ಲ. ಪಿಕಪ್‌ಗೆ ಬಂದವರು ಡಬ್ಬ ಸ್ಕ್ಯಾನ್ ಮಾಡುವಾಗ, ಆ ಸಹಿ ಕಾಣುವಂತೆ ಹತ್ತು ಸೆಕೆಂಡಿನ ಇನ್ನೊಂದು ವಿಡಿಯೊ ತೆಗೆದು ಒಯ್ಯುವ ಪಾರ್ಸೆಲ್ಲುಗಳ ಪಟ್ಟಿಗೆ (ಮ್ಯಾನಿಫೆಸ್ಟ್) ಅವರ ಸಹಿ ಪಡೆಯಿರಿ.

ವಿಡಿಯೊ ಮೇಲೆ ದಿನಾಂಕ, ಗಂಟೆ ಮೂಡಿಸುವ ಆ್ಯಪ್ ಬೇಕೇ ಎಂದೂ ಕೇಳಿದ್ದೀರಿ. ಇದ್ದರೆ ಅಡ್ಡಿಯಿಲ್ಲ, ನೆಚ್ಚಿಕೊಳ್ಳಬೇಡಿ. ಮೊಬೈಲಿನ ಗಡಿಯಾರವನ್ನು ಯಾರು ಬೇಕಾದರೂ ತಿರುಗಿಸಬಹುದು. ಎಡಬ್ಲ್ಯೂಬಿ ನಂಬರ್ ಹುಟ್ಟುವುದು ಕೊರಿಯರಿನ ಸರ್ವರಿನಲ್ಲಿ, ಅದು ಹುಟ್ಟಿದ ಹೊತ್ತೂ ಅವರಲ್ಲೇ ದಾಖಲಾಗಿರುತ್ತದೆ. ಓದಲು ಬರುವ ಲೇಬಲ್ಲೇ ನಿಮ್ಮ ಗಡಿಯಾರ.

ಅಂಗಡಿಯಲ್ಲಿ ಸಿಸಿಟಿವಿ ಇದೆ. ಅದೇ ಸಾಲದೇ? — ತುಮಕೂರು

ಸಾಲದು. ಚಾವಣಿಯ 2 ಮೆಗಾಪಿಕ್ಸೆಲ್ ಕ್ಯಾಮೆರಾ ಇಡೀ ಕೋಣೆ ತೋರಿಸುತ್ತದೆ, ಲೇಬಲ್ ಅದರಲ್ಲಿ ಬಿಳಿ ಚುಕ್ಕೆ. ದೃಶ್ಯ ಉಳಿಸಿಡುವ ಡಿವಿಆರ್ ಪೆಟ್ಟಿಗೆ ತುಂಬಿದಂತೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ, ನಿಮಗೆ ದೂರು ಬರುವ ಹೊತ್ತಿಗೆ ಆ ದಿನದ ದೃಶ್ಯವೇ ಇರದಿರಬಹುದು. ಆದರೆ ಪ್ಯಾಕಿಂಗಿನಿಂದ ಪಿಕಪ್‌ವರೆಗೆ ಡಬ್ಬ ಎಲ್ಲಿತ್ತು ಎನ್ನುವುದಕ್ಕೆ ಸಿಸಿಟಿವಿ ಒಳ್ಳೆಯ ಜೊತೆ. ಡಿವಿಆರ್ ಗಡಿಯಾರ ಸರಿಯಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ.

ಚನ್ನಪಟ್ಟಣದ ಗೊಂಬೆ ಕಳಿಸುತ್ತೇವೆ. ನಮ್ಮ ತಕ್ಕಡಿಯಲ್ಲಿ ಎರಡೂವರೆ ಕಿಲೋ ಇದ್ದದ್ದಕ್ಕೆ ಕೊರಿಯರಿನವರು ಎಂಟು ಕಿಲೋ ಎಂದು ಹಣ ಕಡಿದುಕೊಂಡಿದ್ದಾರೆ. ತೂಕದ ವಿಡಿಯೊ ಕಳಿಸಿದರೂ ಒಪ್ಪಲಿಲ್ಲ. — ರಾಮನಗರ

ಅವರು ತೂಗಿದ್ದಲ್ಲ, ಅಳೆದದ್ದು. ಆಲೆ ಮರದ ಗೊಂಬೆ ಹಗುರ, ಡಬ್ಬ ದೊಡ್ಡದು. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದು ಗಾತ್ರದ ತೂಕ. ಅದು ಮತ್ತು ನಿಜ ತೂಕ, ಇವೆರಡರಲ್ಲಿ ಹೆಚ್ಚಿನದಕ್ಕೆ ದರ. ಕೆಲವು ಒಪ್ಪಂದಗಳಲ್ಲಿ ಭಾಜಕ 4500 ಅಥವಾ 4000 ಇರುತ್ತದೆ, ನಿಮ್ಮದರಲ್ಲಿ ಎಷ್ಟೆಂದು ನೋಡಿಕೊಳ್ಳಿ.

40×30×30ರ ಡಬ್ಬ 7.2 ಕಿಲೋ ಆಗುತ್ತದೆ, ಅರ್ಧ ಕಿಲೋ ಮೆಟ್ಟಿಲಿನ ದರದಲ್ಲಿ ಏಳೂವರೆಗೆ ಏರುತ್ತದೆ. ಅದೇ ಡಬ್ಬಕ್ಕೆ ಮೆತ್ತೆ ತುರುಕಿ ಮೇಲ್ಭಾಗ 2 ಸೆಂಟಿಮೀಟರ್ ಉಬ್ಬಿದರೆ 40×30×32, ಅಂದರೆ 7.68 ಕಿಲೋ, ದರ ಎಂಟು ಕಿಲೋದ್ದು. ಕೊರಿಯರಿನವರ ಅಳತೆ ಯಂತ್ರ ಉಬ್ಬಿದ ತುದಿಯನ್ನೇ ಅಳೆಯುತ್ತದೆ. ಆದ್ದರಿಂದ ವಿಡಿಯೊದಲ್ಲಿ ತಕ್ಕಡಿಯ ಜೊತೆಗೆ ಮೂರೂ ಬದಿಗೆ ಅಳತೆ ಟೇಪು ಹಿಡಿದು ಅಂಕಿ ಕಾಣುವಂತೆ ತೋರಿಸಿ. ಟೇಪಿನ ಸೊನ್ನೆ ಅಂಚಿಗೆ ಕೂತಿರುವುದೂ ಕಾಣಬೇಕು. ತಕ್ಕಡಿಯನ್ನು ಖಾಲಿಯಿದ್ದಾಗ ಸೊನ್ನೆ ತೋರಿಸಿ ಆಮೇಲೆ ಡಬ್ಬ ಇಡಿ. ನಿಮ್ಮ ವಿಷಯದಲ್ಲಿ ಎಂಟು ಕಿಲೋ ಎಂಬುದು ಬಹುಶಃ ಉಬ್ಬಿನ ಲೆಕ್ಕ. ಮುಂದಿನ ಸಲ ಡಬ್ಬದ ಅಳತೆಯನ್ನೇ ಒಂದು ಮೆಟ್ಟಿಲು ಕೆಳಗಿಳಿಸಲು ಆಗುತ್ತದೆಯೇ ನೋಡಿ. ಕ್ಲೇಮಿನಲ್ಲಿ ಗೆಲ್ಲುವುದಕ್ಕಿಂತ ಲಾಭ ಅಲ್ಲೇ ಹೆಚ್ಚು.

ಇಳಕಲ್ ಸೀರೆ ಕಳಿಸಿದರೆ ಹಳೇ ಸೀರೆ ವಾಪಸ್ ಬರುತ್ತದೆ. ನಾವು ಕಳಿಸಿದ್ದೇ ಬೇರೆ ಎಂದು ಹೇಗೆ ತೋರಿಸುವುದು? — ಬಾಗಲಕೋಟೆ

ಕಳಿಸುವಾಗಿನ ವಿಡಿಯೊಕ್ಕೂ ವಾಪಸ್ ಬಂದಾಗಿನ ವಿಡಿಯೊಕ್ಕೂ ನಡುವೆ ಹೊಂದಿಸಿ ನೋಡಬಹುದಾದ ಗುರುತು ಬೇಕು. ಕೈಮಗ್ಗದ ಸೀರೆಯಲ್ಲಿ ಅಂಥ ಗುರುತು ತಾನಾಗಿಯೇ ಇರುತ್ತದೆ. ಮೈಯೂ ಸೆರಗೂ ಕೊಂಡಿ ಹಾಕಿ ಕೂಡಿಸಿದ ಜಾಗವನ್ನು ಕ್ಯಾಮೆರಾಕ್ಕೆ ಹತ್ತಿರ ಹಿಡಿದು ಹತ್ತು ಸೆಕೆಂಡು ತೋರಿಸಿ. ಅಲ್ಲಿನ ಎಳೆಗಳ ಏರುಪೇರು ಎರಡು ಸೀರೆಗಳಲ್ಲಿ ಒಂದೇ ತರ ಇರುವುದಿಲ್ಲ. ಅದರ ಜೊತೆಗೆ ಒಮ್ಮೆ ಕತ್ತರಿಸಿದರೆ ಮತ್ತೆ ಕೂಡದ, ನಂಬರ್ ಇರುವ ಪ್ಲಾಸ್ಟಿಕ್ ಲಾಕ್ ಟ್ಯಾಗನ್ನು ಸೆರಗಿನ ಹೊರಮೈಯಲ್ಲಿ, ಉಟ್ಟರೆ ಎದ್ದು ಕಾಣುವ ಕಡೆ ಹಾಕಿ. ಟ್ಯಾಗ್ ತೆಗೆಯದೆ ಮದುವೆಗೆ ಉಟ್ಟು ಹೋಗಲಾಗದು!

ರಿಟರ್ನ್ ಪಾರ್ಸೆಲ್ ತೆರೆಯುವ ವಿಡಿಯೊದಲ್ಲಿ ಎಲ್ಲರೂ ಬಿಡುವ ಒಂದು ಹೆಜ್ಜೆ ತೂಕ. ಕತ್ತರಿ ಹಾಕುವ ಮೊದಲೇ ಮುಚ್ಚಿದ ಪ್ಯಾಕೆಟನ್ನು ತಕ್ಕಡಿಗೆ ಇಡಿ. ಹೋಗುವಾಗ 640 ಗ್ರಾಂ ಇದ್ದದ್ದು ಬರುವಾಗ 410 ಗ್ರಾಂ ಇದ್ದರೆ ತೆರೆಯುವ ಮುನ್ನವೇ ಅರ್ಧ ಕಥೆ ಗೊತ್ತಾಗುತ್ತದೆ. ರಿಟರ್ನಿನ ಎಡಬ್ಲ್ಯೂಬಿ, ಪ್ಯಾಕೆಟಿನ ಆರು ಬದಿ, ಸೀಲು, ಆಮೇಲೆ ಕತ್ತರಿಸುವುದು, ಹೊರತೆಗೆಯುವುದು, ಪೂರ್ತಿ ಬಿಡಿಸಿ ತೋರಿಸುವುದು, ಎಲ್ಲವೂ ಒಂದೇ ಓಟದಲ್ಲಿ ಬರಲಿ. ಪ್ಯಾಕೆಟ್ ಹರಿದಿದ್ದರೆ ತೆಗೆದುಕೊಳ್ಳುವಾಗಲೇ ತಂದವರ ಮುಂದೆ ಫೋಟೊ ತೆಗೆದು ‘ಹರಿದಿದೆ’ ಎಂದು ದಾಖಲಿಸಿ. ಅಮೆಜಾನಿನಲ್ಲಿ ಸೇಫ್-ಟಿ, ಫ್ಲಿಪ್‌ಕಾರ್ಟಿನಲ್ಲಿ ಎಸ್‌ಪಿಎಫ್ ಎಂಬ ಹೆಸರಿನಲ್ಲಿ ಇಂಥ ಕ್ಲೇಮ್ ಹಾಕುವ ದಾರಿಗಳಿವೆ. ಗಡುವು ಆಗಾಗ ಬದಲಾಗುತ್ತದೆ, ಆದ್ದರಿಂದ ಸೆಲ್ಲರ್ ಪುಟದಲ್ಲಿ ನೋಡಿಕೊಂಡು, ರಿಟರ್ನ್ ಬಂದ ದಿನವೇ ತೆರೆಯುವ ರೂಢಿ ಮಾಡಿಕೊಳ್ಳಿ.

ಇಷ್ಟೊಂದು ವಿಡಿಯೊ ಎಷ್ಟು ದಿನ ಇಡಬೇಕು? ಮೊಬೈಲ್ ತುಂಬಿಹೋಗುತ್ತದೆ. ವಾಟ್ಸ್ಆ್ಯಪಿನಲ್ಲಿ ಕಳಿಸಿಟ್ಟುಕೊಂಡರೆ ಆಗುವುದಿಲ್ಲವೇ? — ಹುಬ್ಬಳ್ಳಿ

ವಾಟ್ಸ್ಆ್ಯಪಿನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಹಿಂಡಿ ಹಿಪ್ಪೆಯಾಗುತ್ತದೆ, ಲೇಬಲ್ಲಿನ ಅಂಕಿ ಮೊದಲು ಹೋಗುತ್ತದೆ, ಫೈಲಿನೊಳಗಿನ ಮೂಲ ಮಾಹಿತಿಯೂ ಉಳಿಯುವುದಿಲ್ಲ. ಕಳಿಸಲೇಬೇಕಾದರೆ ‘ಡಾಕ್ಯುಮೆಂಟ್’ ಎಂದು ಕಳಿಸಿ.

1080ಪಿ ವಿಡಿಯೊವನ್ನು ಎಚ್‌ಇವಿಸಿ ಎಂಬ, ಫೈಲನ್ನು ಚಿಕ್ಕದಾಗಿಸುವ ವಿಧಾನದಲ್ಲಿ ತೆಗೆದರೆ ನಿಮಿಷಕ್ಕೆ ಸುಮಾರು 65 ಎಂಬಿ, ಹಳೆಯ ಎಚ್.264 ಆದರೆ ಅದರ ಎರಡರಷ್ಟು. ಪಾರ್ಸೆಲ್ಲಿಗೆ ಮೂರು ನಿಮಿಷದಂತೆ ದಿನಕ್ಕೆ ಹತ್ತು ಪಾರ್ಸೆಲ್ ಎಂದರೆ 2 ಜಿಬಿ, 26 ಕೆಲಸದ ದಿನಕ್ಕೆ 52 ಜಿಬಿ. ಆರು ತಿಂಗಳಿಗೆ ಮುನ್ನೂರು ಜಿಬಿ ಚಿಲ್ಲರೆ. 1 ಟಿಬಿಯ ಒಂದು ಹಾರ್ಡ್ ಡಿಸ್ಕ್ ಧಾರಾಳವಾಯಿತು. ಫೈಲಿನ ಹೆಸರು ದಿನಾಂಕ ಮತ್ತು ಎಡಬ್ಲ್ಯೂಬಿ ಆಗಿರಲಿ, ಇಲ್ಲದಿದ್ದರೆ ಬೇಕಾದಾಗ ಸಿಗುವುದಿಲ್ಲ.

ವಿಡಿಯೊವನ್ನು ಆರು ತಿಂಗಳಾದರೂ ಇಡಿ. ಏಕೆಂದರೆ, 2007ರ ರಸ್ತೆ ಸಾಗಣೆ ಕಾಯ್ದೆಯ 16ನೇ ಕಲಮಿನ ಪ್ರಕಾರ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ನಷ್ಟಕ್ಕೆ ದಾವೆ ಹೂಡುವಂತಿಲ್ಲ. ಈ ಕಾಯ್ದೆ ಕೊರಿಯರ್ ಸಂಸ್ಥೆಗಳಿಗೂ ಅನ್ವಯ, ಸರ್ಕಾರಿ ಅಂಚೆಗೆ ಅಲ್ಲ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಗಡುವು ಎರಡು ವರ್ಷ. ಆದ್ದರಿಂದ ಬೆಲೆಬಾಳುವ ಮಾಲಿನ ವಿಡಿಯೊವನ್ನು ಎರಡು ವರ್ಷ ಇಡಿ, ತಕರಾರು ಎದ್ದದ್ದನ್ನು ಅದು ಮುಗಿಯುವವರೆಗೂ ಇಡಿ.

ಇದೇ ಕಾಯ್ದೆಯಡಿ ಇನ್ನೊಂದು ಮಾತು. ಹೆಚ್ಚಿನ ಅಪಾಯದ ದರ (ಹೆಚ್ಚು ಹೊಣೆ ಹೊರಲು ಸಾಗಣೆದಾರರು ಪಡೆಯುವ ಹೆಚ್ಚುವರಿ ಹಣ) ಕಟ್ಟದಿದ್ದರೆ ಸಾಗಣೆದಾರರ ಹೊಣೆ ಸಾಗಣೆ ವೆಚ್ಚದ ಹತ್ತು ಪಟ್ಟಿಗೆ ಸೀಮಿತ ಎಂದು 2011ರ ನಿಯಮ ಹೇಳುತ್ತದೆ. 90 ರೂಪಾಯಿ ಕೊಟ್ಟು ಕಳಿಸಿದ 4,000 ರೂಪಾಯಿಯ ಹೂಜಿಗೆ ಲೆಕ್ಕ 900 ರೂಪಾಯಿಗೆ ನಿಲ್ಲುತ್ತದೆ, ವಿಡಿಯೊ ಎಷ್ಟೇ ಚೆನ್ನಾಗಿರಲಿ. ದುಬಾರಿ ಮಾಲಿಗೆ ಬೆಲೆ ಘೋಷಿಸಿ ವಿಮೆ ಅಥವಾ ಅಪಾಯದ ದರ ಕಟ್ಟುವುದೇ ದಾರಿ.

ವಿಡಿಯೊವನ್ನು ಕೋರ್ಟು ಒಪ್ಪುತ್ತದೆಯೇ? — ಶಿವಮೊಗ್ಗ

ಒಪ್ಪುತ್ತದೆ, ಕ್ರಮ ಪಾಲಿಸಿದರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಮಿನಂತೆ ಪ್ರಮಾಣಪತ್ರ ಲಗತ್ತಿಸಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮು ಇದ್ದ ಜಾಗದಲ್ಲಿ ಈಗ ಇದಿದೆ. ನಮೂನೆಯಲ್ಲಿ ಎರಡು ಭಾಗ: ‘ಎ’ ಭಾಗ ವಿಡಿಯೊ ಹಾಜರುಪಡಿಸುವವರು ತುಂಬುವುದು, ‘ಬಿ’ ಭಾಗ ಪರಿಣತರದ್ದು. ಎರಡರಲ್ಲೂ ಫೈಲಿನ ಹ್ಯಾಶ್, ಅಂದರೆ ಫೈಲಿನಿಂದ ಲೆಕ್ಕಹಾಕಿ ಬರುವ ಗುರುತಿನ ಸಾಲು, ಬರೆಯಬೇಕು. ಕಂಪ್ಯೂಟರಿನಲ್ಲಿ ಸೆವೆನ್-ಜಿಪ್ ಇದ್ದರೆ ಫೈಲಿನ ಮೇಲೆ ಬಲಗುಂಡಿ ಒತ್ತಿ ಎಸ್‌ಎಚ್‌ಎ-256 ಆರಿಸಿ, 64 ಅಕ್ಷರದ ಸಾಲು ಬರುತ್ತದೆ. ತಕರಾರು ಎದ್ದ ದಿನವೇ ಇದನ್ನು ತೆಗೆದು ನಿಮ್ಮದೇ ಇಮೇಲಿಗೆ ಕಳಿಸಿಟ್ಟುಕೊಳ್ಳಿ. ಫೈಲಿನಲ್ಲಿ ಒಂದು ಸೆಕೆಂಡು ಕತ್ತರಿಸಿದರೂ ಹ್ಯಾಶ್ ಪೂರ್ತಿ ಬದಲಾಗುತ್ತದೆ. ಹಾಗಾಗಿ ಮೂಲ ಫೈಲನ್ನು ಮುಟ್ಟಬೇಡಿ, ಚಿಕ್ಕದು ಮಾಡಿ ಅಪ್‌ಲೋಡ್ ಮಾಡುವುದಿದ್ದರೆ ನಕಲಿನಲ್ಲಿ ಮಾಡಿ. ಚಿತ್ರೀಕರಿಸಿದ ಮೊಬೈಲನ್ನು ಮಾರುವ ಮುನ್ನವೂ ಯೋಚಿಸಿ. ಗ್ರಾಹಕ ಆಯೋಗಗಳಲ್ಲಿ ವಿಚಾರಣೆ ಅಫಿಡವಿಟ್ ಮತ್ತು ದಾಖಲೆಗಳ ಮೇಲೆ ನಡೆಯುವುದರಿಂದ ದಾರಿ ಅಷ್ಟು ಬಿಗಿಯಲ್ಲ. ಆದರೂ 63(4)ರ ಪತ್ರ ಇದ್ದರೆ ಎದುರಿನವರಿಗೆ ಆಕ್ಷೇಪಿಸಲು ಒಂದು ನೆಪ ಕಡಿಮೆ.

ನಾನು ಮಾರುವವಳಲ್ಲ, ಕೊಳ್ಳುವವಳು. ಇನ್‌ಸ್ಟಾಗ್ರಾಮ್ ಅಂಗಡಿಯೊಂದರಲ್ಲಿ ತರಿಸಿದ ಹಿತ್ತಾಳೆ ದೀಪ ಸೊಟ್ಟಗಾಗಿ ಬಂತು. ‘ಅನ್‌ಬಾಕ್ಸಿಂಗ್ ವಿಡಿಯೊ ಇಲ್ಲದಿದ್ದರೆ ಹಣ ವಾಪಸ್ ಇಲ್ಲ’ ಎನ್ನುತ್ತಿದ್ದಾರೆ. — ಮೈಸೂರು

ವಿಡಿಯೊ ಕೇಳುವುದು ತಪ್ಪಲ್ಲ, ಅದೊಂದನ್ನೇ ನೆಪ ಮಾಡಿ ದೋಷವಿರುವ ಮಾಲನ್ನು ನಿಮ್ಮ ತಲೆಗೆ ಕಟ್ಟುವಂತಿಲ್ಲ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು ದೋಷಪೂರಿತ ವಸ್ತುವನ್ನು ವಾಪಸ್ ಪಡೆಯಲು ಅಥವಾ ಹಣ ಮರಳಿಸಲು ನಿರಾಕರಿಸಬಾರದು ಎನ್ನುತ್ತವೆ. ದಿನನಿತ್ಯದ ವ್ಯಾಪಾರವಾಗಿ ಮಾಡುವವರಿಗೆ, ಅಂಗಡಿ ಇನ್‌ಸ್ಟಾಗ್ರಾಮಿನಲ್ಲಿದ್ದರೂ, ನಿಯಮ ಅನ್ವಯಿಸುತ್ತದೆ. ಡಬ್ಬ, ಲೇಬಲ್, ದೀಪ ಮೂರೂ ಒಂದೇ ಚೌಕಟ್ಟಿನಲ್ಲಿ ಕಾಣುವ ಫೋಟೊ, ಬಂದ ದಿನವೇ ನೀವು ಕಳಿಸಿದ ಸಂದೇಶ, ಹಣ ಕಟ್ಟಿದ ದಾಖಲೆ ಇಟ್ಟುಕೊಳ್ಳಿ. ಅಂಗಡಿಯವರಿಗೆ ಬರವಣಿಗೆಯಲ್ಲಿ ದೂರು ಕೊಡಿ, ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ.

ಪ್ಯಾಕಿಂಗ್ ವಿಡಿಯೊಗಳನ್ನು ರೀಲ್ಸ್ ಮಾಡಿ ಹಾಕಿದರೆ ಪ್ರಚಾರವೂ ಆಗುತ್ತದಲ್ಲವೇ? — ಮಂಗಳೂರು

ಸಾಕ್ಷಿಯ ವಿಡಿಯೊವನ್ನು ಹಾಕಬೇಡಿ. ಲೇಬಲ್ಲಿನಲ್ಲಿ ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರ್ ಓದಲು ಬರುವಂತೆ ತೆಗೆದಿರುತ್ತೀರಿ, ಅದು ಊರಿಗೆಲ್ಲ ಹಂಚುವಂಥದ್ದಲ್ಲ. ರೀಲ್ಸಿಗೆ ಬೇರೆಯೇ ಡಬ್ಬ ಕಟ್ಟಿ ತೆಗೆಯಿರಿ. ಪ್ಯಾಕಿಂಗ್ ಮೇಜಿನಲ್ಲಿ ಕೆಲಸಕ್ಕೆ ಜನರಿದ್ದರೆ ಕ್ಯಾಮೆರಾ ಇರುವುದನ್ನು ಮೊದಲೇ ಅವರಿಗೆ ತಿಳಿಸಿ. ಮುಖ ಬಾರದಂತೆ, ಕೈ ಮತ್ತು ಮೇಜು ಮಾತ್ರ ಕಾಣುವಂತೆ ಕ್ಯಾಮೆರಾವನ್ನು ಬಗ್ಗಿಸಿದರೆ ಸಾಕ್ಷಿಗೇನೂ ಕೊರತೆಯಾಗುವುದಿಲ್ಲ.